ಬಾಣಲೆ ಎಣ್ಣೆ: ಎಲ್ಲಿಯವರೆಗೆ ಬಳಸಬಹುದು, ಯಾವಾಗ ಬಿಡಬೇಕು

ತಿಂಡಿ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಅದರ 14 ಅಂಕಿಯ ಸಂಖ್ಯೆಯನ್ನು ಗಲ್ಲಾದ ಹತ್ತಿರ ತೂಗುಹಾಕಿ, ಬಿಲ್ಲಿನಲ್ಲೂ ಹಾಕಿಸಿ. ಅದು ಸುಲಭ, ಆದರೆ ಹೋಟೆಲಿನವರು, ಬಜ್ಜಿ ಗಾಡಿಯವರು ಎಡವುವುದು ಬಾಣಲೆಯ ಮುಂದೆ. 2018ರ ಜುಲೈ 1ರಿಂದ ಇರುವ ನಿಯಮದಂತೆ, ಎಣ್ಣೆಯಲ್ಲಿ ಅದು ಕಾದು ಕಾದು ಕೆಟ್ಟಾಗ ಹುಟ್ಟುವ ವಸ್ತುಗಳು, ಅಂದರೆ ಒಟ್ಟು ಪೋಲಾರ್ ಕಾಂಪೌಂಡ್ (ಟಿಪಿಸಿ), ಶೇ 25 ದಾಟಿದರೆ ಅದರಲ್ಲಿ ಕರಿಯುವಂತಿಲ್ಲ.

ಎಣ್ಣೆಯ ಬಿಸಿ 180 ಡಿಗ್ರಿ ದಾಟದಿರಲಿ. ಗಿರಾಕಿ ಇಲ್ಲದಾಗ ಉರಿ ಆರಿಸಿ. ಪ್ರತಿ ಒಬ್ಬೆ ತೆಗೆದ ಮೇಲೆ ಕರಕಲು ಚೂರುಗಳನ್ನು ಜಾಲರಿಯಲ್ಲಿ ಎತ್ತಿಬಿಡಿ.

ರಾತ್ರಿ ಎಣ್ಣೆಯನ್ನು ಕಬ್ಬಿಣದ ಬಾಣಲೆಯಲ್ಲೇ ಬಿಡಬೇಡಿ, ಕಬ್ಬಿಣ ಸೇರಿದರೆ ಬೇಗ ಕಮಟುತ್ತದೆ. ಉಗುರುಬೆಚ್ಚಗಾದಾಗ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಸ್ಟೀಲ್ ಪಾತ್ರೆಗೆ ಹಾಕಿಡಿ.

ಬೆಳಿಗ್ಗೆ ಅದಕ್ಕೇ ಹೊಸ ಎಣ್ಣೆ ಸುರಿಯುತ್ತಾರಲ್ಲ, ಎಲ್ಲ ಕೆಡುವುದು ಅಲ್ಲೇ. ಟಿಪಿಸಿ 27 ಇರುವ ಎರಡು ಲೀಟರಿಗೆ 6 ಇರುವ ಒಂದು ಲೀಟರ್ ಸೇರಿಸಿದರೆ ಟಿಪಿಸಿ ಅಳೆಯುವ ಮೀಟರ್ 20 ತೋರಿಸುತ್ತದೆ. ಭಟ್ಟರಿಗೆ ಸಮಾಧಾನ. ಆದರೆ ಹಳೆಯದರಲ್ಲಿ ಕೆಟ್ಟಿದ್ದೆಲ್ಲ ಹಾಗೇ ಇದೆ, ಜೊತೆಗೆ ಹೊಸದನ್ನೂ ಬೇಗ ಕೆಡಿಸುತ್ತದೆ. ಆದ್ದರಿಂದ ಮೊದಲು ಅಳೆಯಿರಿ. 25 ದಾಟಿದ್ದರೆ ಪೂರ್ತಿ ತೆಗೆಯಿರಿ. ನಾನಂತೂ 22ಕ್ಕೇ ತೆಗೆಯಿರಿ ಎನ್ನುತ್ತೇನೆ. ಸಂಜೆಯ ನೂಕುನುಗ್ಗಲಿನಲ್ಲಿ ಮತ್ತೆ ಅಳೆಯುವವರು ಯಾರೂ ಇಲ್ಲ.

ಅಳೆಯುವಾಗ ಬಾಣಲೆಯಲ್ಲಿ ತಿಂಡಿ ಇರಬಾರದು. ಗುಳ್ಳೆ ಪೂರ್ತಿ ನಿಂತ ಮೇಲೂ ಐದು ನಿಮಿಷ ಕಾಯಿರಿ, ಎಣ್ಣೆಯಲ್ಲಿ ನೀರಿನಂಶ ಉಳಿದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಎಣ್ಣೆ ಬಿಸಿಯಾಗಿರುವಾಗಲೇ ಮೀಟರಿನ ತುದಿಯನ್ನು ಅದ್ದಿ ನಿಧಾನ ತಿರುವಿ. ತಳಕ್ಕಾಗಲಿ ಅಂಚಿಗಾಗಲಿ ತಾಗಿಸಬೇಡಿ. ಬಣ್ಣ ನೋಡಿ ತೀರ್ಮಾನ ಬೇಡ: ಮಸಾಲೆ ಹಚ್ಚಿದ್ದನ್ನು ಕರಿದರೆ ಒಳ್ಳೆಯ ಎಣ್ಣೆಯೂ ಕಪ್ಪಾಗುತ್ತದೆ. ಸಣ್ಣ ನೊರೆ ಕೂತೇ ಇದ್ದರೆ, ಘಾಟು ಎದ್ದರೆ, ಸೌಟಿಗೆ ಅಂಟಿದರೆ ಮೀಟರಿಗೂ ಕಾಯಬೇಕಿಲ್ಲ. ಎಣ್ಣೆಯನ್ನು ತಿಳಿ ಮಾಡುತ್ತೇವೆಂದು ಮಾರುವ ಪುಡಿಗಳನ್ನು ನಂಬಬೇಡಿ; ಬಣ್ಣ ತಿಳಿಯಾದರೆ ಎಣ್ಣೆ ಹೊಸದಾಗುವುದಿಲ್ಲ.

ತೆಗೆದ ಎಣ್ಣೆ ಮೋರಿಗೂ ಬೇಡ, ಅಗ್ಗಕ್ಕೆ ಕೇಳುವ ಗಾಡಿಯವರಿಗೂ ಬೇಡ. ಬಯೋಡೀಸೆಲ್‌ಗೆ ಸಂಗ್ರಹಿಸುವ ಅಧಿಕೃತ ಏಜೆನ್ಸಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರಿಗೆ ಲೆಕ್ಕದ ಪುಸ್ತಕ ಕಡ್ಡಾಯ. ಏಜೆನ್ಸಿ ಬರುವವರೆಗೆ ತೆಗೆದ ಎಣ್ಣೆಯನ್ನು ಹೊಸ ಎಣ್ಣೆಯ ಖಾಲಿ ಡಬ್ಬಕ್ಕೆ ಮಾತ್ರ ತುಂಬಬೇಡಿ, ಬೆಳಗಿನ ಪಾಳಿಯವರು ಅದನ್ನೇ ಬಾಣಲೆಗೆ ಸುರಿದುಬಿಡುತ್ತಾರೆ.