ಕಾರ್ವೆಟ್‌ನ ಬ್ರೇಕ್: ಕ್ಯಾಲಿಪರ್ ಬದಲಿಸುವುದನ್ನು ನಿಲ್ಲಿಸಿದ ಮೇಲೆ ಗೆದ್ದ ನನ್ನ ಅನುಭವ

ಅಮೆರಿಕದ ಷೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ 1965ರಿಂದ 1982ರವರೆಗಿನ ಮಾದರಿ ಇಟ್ಟುಕೊಂಡವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಬ್ರೇಕಿನಲ್ಲಿದ್ದ ಗಾಳಿಯನ್ನೆಲ್ಲ ತೆಗೆದು ಪೆಡಲ್ ಗಟ್ಟಿಯಾಯಿತೆಂದು ನಿಟ್ಟುಸಿರು ಬಿಟ್ಟರೆ, ಕೆಲವು ನೂರು ಮೈಲಿ ಓಡಿಸುವಷ್ಟರಲ್ಲಿ ಅದೇ ಪೆಡಲ್ ಮತ್ತೆ ಮೆತ್ತಗಾಗಿ, ಎರಡೆರಡು ಸಲ ತುಳಿದರೆ ಮಾತ್ರ ಹಿಡಿಯುತ್ತದೆ. ಹನಿ ಎಣ್ಣೆಯೂ ಎಲ್ಲಿಯೂ ಸೋರಿರುವುದಿಲ್ಲ. ಮಿಷಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿರುವ 1969ರ ಕೂಪೆಯಲ್ಲಿ ಈ ರೋಗವನ್ನು ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಅದುಮುವ ಭಾಗ) ಬದಲಿಸುವುದರಿಂದಲ್ಲ, ಕೇವಲ ಚಕ್ರದೊಡನೆ ತಿರುಗುವ ಬ್ರೇಕ್ ತಟ್ಟೆಯಾದ ರೋಟರ್‌ನ ರನ್‌ಔಟ್ (ಓಲಾಟ) ತಿದ್ದಿ ವಾಸಿ ಮಾಡಿದ್ದೇನೆ. ಅದು ಆಗದ ಕೆಲಸವೆಂದು ಹೇಳಿದವರು ಅನೇಕರಿದ್ದರು.

ಈ ಕಾರಿನ ಚರಿತ್ರೆಯಲ್ಲಿ ಬ್ರೇಕ್ ಬಹುಕಾಲ ಹಿಂದುಳಿದ ಅಂಗವಾಗಿತ್ತು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಅವರ ವಿನ್ಯಾಸ ಪ್ರದರ್ಶನಕ್ಕೆ ಬಂದಾಗ ಜನ ಮರುಳಾದದ್ದು ಅದರ ರೂಪಕ್ಕೆ. ಅದೇ ವರ್ಷ ಫ್ಲಿಂಟ್‌ನಲ್ಲಿ ತಯಾರಾದ 300 ಕಾರುಗಳೂ ಬಿಳಿಯ ಬಣ್ಣದವು, ಒಳಗೆ ಕೆಂಪು. ಆರು ಸಿಲಿಂಡರಿನ 150 ಅಶ್ವಶಕ್ತಿಯ ಎಂಜಿನ್, ಎರಡೇ ವೇಗದ ಆಟೊಮ್ಯಾಟಿಕ್ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 1955ರಲ್ಲಿ ವಿ8 ಬಂದಿತು, 1957ರಲ್ಲಿ ಫ್ಯೂಯೆಲ್ ಇಂಜೆಕ್ಷನ್ನಿನಿಂದ 283 ಘನ ಇಂಚಿಗೆ 283 ಅಶ್ವಶಕ್ತಿ ಬಂದಿತು, 1963ರಲ್ಲಿ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಕೂಡ ಬಂದಿತು. ಇಷ್ಟೆಲ್ಲ ಓಟ ಬಂದರೂ ಡ್ರಮ್ ಬ್ರೇಕ್ ಮಾತ್ರ ಉಳಿದಿತ್ತು. ಜೋರಾ ಆರ್ಕಸ್-ಡಂಟೋವ್ ಅವರಂಥ ರೇಸಿನ ಹುಚ್ಚಿನ ಎಂಜಿನಿಯರ್ ಇದ್ದ ಕಾರಿಗೂ ನಾಲ್ಕು ಚಕ್ರಗಳ ಡಿಸ್ಕ್ ಬ್ರೇಕ್ ಸೇರಲು 1965 ಆಗಬೇಕಾಯಿತು. ಆ ವರ್ಷವೂ ಹಣ ಉಳಿಸಲು ಬಯಸುವವರಿಗೆ ಡ್ರಮ್ ಬ್ರೇಕನ್ನೇ ಆರಿಸಿಕೊಳ್ಳುವ ಅವಕಾಶವಿತ್ತು.

ಆ ಡಿಸ್ಕ್ ಬ್ರೇಕ್ ಬಲು ಗಟ್ಟಿಯದು. ಒಂದೊಂದು ಕ್ಯಾಲಿಪರಿಗೆ ನಾಲ್ಕು ಪಿಸ್ಟನ್, ಪಿಸ್ಟನ್ನಿನ ಹಿಂದೆ ಸ್ಪ್ರಿಂಗ್ ಇರುವುದರಿಂದ ಪ್ಯಾಡ್ ಸದಾ ರೋಟರ್‌ಗೆ ತಾಗಿಕೊಂಡೇ ಇರುತ್ತದೆ. ಗುಣವೂ ಅದೇ, ದೋಷವೂ ಅದೇ. ರೋಟರ್ ಸ್ವಲ್ಪ ಓಲಾಡಿದರೂ ಪಿಸ್ಟನ್ ಒಳಗೂ ಹೊರಗೂ ಆಡುತ್ತದೆ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಅಂಚು, ಅಂದರೆ ಲಿಪ್ ಸೀಲ್, ಒಳಗಿನ ಒತ್ತಡವನ್ನು ತಡೆಯುವುದಕ್ಕೆ ಮಾಡಿದ್ದೇ ಹೊರತು ಹೊರಗಿನ ಗಾಳಿಯನ್ನು ತಡೆಯುವುದಕ್ಕಲ್ಲ. ಆದ್ದರಿಂದ ಸೈಕಲ್ ಪಂಪಿನಂತೆ ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ನಾನು ಮೊದಲು ಎಲ್ಲರಂತೆ ಕ್ಯಾಲಿಪರುಗಳನ್ನೇ ಬದಲಿಸಿದೆ. ಸ್ಟೇನ್‌ಲೆಸ್ ಸ್ಟೀಲ್ ಒಳಕೊಳವೆ ಕೂರಿಸಿದ ನಾಲ್ಕರ ಸೆಟ್ಟಿಗೆ 500 ಡಾಲರಿನ ಆಸುಪಾಸು ಕೊಟ್ಟ ನೆನಪು. ತುಕ್ಕಿನ ಸಮಸ್ಯೆಗೆ ಅದು ಸರಿಯಾದ ಮದ್ದೇ, ಆದರೆ ಗಾಳಿ ಮತ್ತೆ ಸೇರಿತು. ಅನಂತರ ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್, ಕೊನೆಗೆ ಒಂದು ಗ್ಯಾರೇಜಿನವರ ಕೂಲಿ ಎಂದು ಮತ್ತೆ ಸಾವಿರದಷ್ಟು ಹೋಯಿತು. ಕಾರ್ವೆಟ್ ಕ್ಲಬ್ಬಿನ ಹಿರಿಯರೊಬ್ಬರು ಲಿಪ್ ಸೀಲ್ ಬಿಟ್ಟು ದುಂಡನೆಯ ರಬ್ಬರ್ ಬಳೆಯಿರುವ ಓ-ರಿಂಗ್ ಪಿಸ್ಟನ್ ಹಾಕೆಂದರು. ಅದು ಕೆಲಸ ಮಾಡುತ್ತದೆ, ನಿಜ. ಆದರೆ ಓಲಾಡುವ ರೋಟರ್ ಓಲಾಡುತ್ತಲೇ ಉಳಿಯುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಉಡುಪಿಯ ಕಡೆಯ ಗೆಳೆಯರೊಬ್ಬರು, “ಮಾರಾಯ್ರೇ, ಇಷ್ಟು ದುಡ್ಡಿಗೆ ಊರಲ್ಲಿ ಅಡಿಕೆ ತೋಟಕ್ಕೆ ಪಂಪು ಬರುತ್ತಿತ್ತು” ಎಂದರು.

ಸುಮಾರು 60 ಡಾಲರಿನ ಡಯಲ್ ಗೇಜ್ ತಂದು ಮ್ಯಾಗ್ನೆಟ್ ಸ್ಟ್ಯಾಂಡ್ ಹಚ್ಚಿ ನೋಡಿದಾಗ ಹಿಂದಿನ ಎಡ ರೋಟರ್ ಇಂಚಿನ ಸಾವಿರದಲ್ಲಿ 9 ಭಾಗ, ಅಂದರೆ 9 ಥೌ ಓಲಾಡುತ್ತಿತ್ತು. ಕಾರಣವೂ ಕಣ್ಣಿಗೆ ಬಿತ್ತು. ಕಾರ್ಖಾನೆಯಲ್ಲಿ ರೋಟರನ್ನು ಸ್ಪಿಂಡಲ್ಲಿಗೆ (ಚಕ್ರದ ಅಚ್ಚಿಗೆ) ರಿವೆಟ್ ಹೊಡೆದು, ಎರಡನ್ನೂ ಒಟ್ಟಿಗೆ ಕಡೆದು ಕಳುಹಿಸುತ್ತಿದ್ದರು. ನನಗಿಂತ ಮೊದಲು ಯಾರೋ ಆ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು, ಹೊಸ ರೋಟರ್ ಇಟ್ಟು ಚಕ್ರದ ನಟ್ಟುಗಳ ಮೇಲೆಯೇ ಭಾರ ಹಾಕಿದ್ದರು.

ಸ್ಪಿಂಡಲ್ ಬೇರಿಂಗಿನ ಆಟವನ್ನು ಮೊದಲು ಸರಿಪಡಿಸದೆ ಹಿಂದಿನ ರೋಟರ್ ಅಳೆದು ಫಲವಿಲ್ಲ. ಅದಕ್ಕಾಗಿ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಟ್ರೇಲಿಂಗ್ ಆರ್ಮ್ ಇಳಿಸಬೇಕು, ಅದರ ಪಿವಟ್ ಬೋಲ್ಟ್ ಬುಶ್ಶಿನೊಳಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ಈ ಊರಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಫೈಬರ್‌ಗ್ಲಾಸ್ ಮೈಗೆ ಅದರ ಪರಿವೆಯಿಲ್ಲ, ಆದರೆ ಕೆಳಗಿನ ಫ್ರೇಮ್ ಮತ್ತು ಗಾಜಿನ ಸುತ್ತಲಿನ ಉಕ್ಕಿನ ಪಂಜರ ಅದಕ್ಕೆ ಆಹಾರ. ಬೋಲ್ಟನ್ನು ಗರಗಸದಲ್ಲಿ ಕೊಯ್ದೇ ಇಳಿಸಿದೆ. ಬ್ಲೇಡುಗಳು ಡಬ್ಬಿಗಟ್ಟಲೆ ಹೋದವು. ಬೇರಿಂಗ್ ಸರಿಯಾದ ಮೇಲೆ ರೋಟರನ್ನು ಒಂದೊಂದು ಸ್ಟಡ್ಡಿನಷ್ಟು ತಿರುಗಿಸಿ ಅತಿ ಕಡಿಮೆ ಓಲಾಡುವ ಸ್ಥಾನ ಹುಡುಕಿದೆ, ಉಳಿದದ್ದನ್ನು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾದ ಲೋಹದ ಬಿಲ್ಲೆ, ಅಂದರೆ ಓರೆಯಾದ ಶಿಮ್‌ನಿಂದ ತಿದ್ದಿದೆ. ಶಿಮ್‌ನ ದಪ್ಪ ಭಾಗ ಎಲ್ಲಿ ಬರಬೇಕೆಂದು ಒಂದೇ ಸಲಕ್ಕೆ ಗುರುತಿಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ; ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ. ಕೊನೆಗೆ ನಾಲ್ಕೂ ರೋಟರುಗಳು 2 ಥೌ ಒಳಗೆ ಬಂದವು. ಹಿಂದಿನ ಒಂದೊಂದು ಕ್ಯಾಲಿಪರಿಗೂ ಎರಡೆರಡು ಬ್ಲೀಡರ್ (ಗಾಳಿ ಬಿಡುವ ತಿರುಪು) ಇರುವುದನ್ನು ಮರೆಯದೆ, ಪಂಪ್ ಮಾಡದೆ ಎಣ್ಣೆಯನ್ನು ತಾನಾಗಿ ಇಳಿಯಲು ಬಿಟ್ಟೆ.

ಇದೇ ಹೊತ್ತಿನಲ್ಲಿ, ವ್ಯಾಕ್ಯೂಮಿನಿಂದ ಮೇಲೇಳುವ ಹೆಡ್‌ಲೈಟುಗಳ ಮೇಲೂ ಕೈಯಾಡಿಸಿದೆ. ಹೋಸ್‌ಗಳನ್ನು ಒಂದೊಂದಾಗಿ ಗಾಲ್ಫ್ ಆಟದ ಮರದ ಟೀ ತುರುಕಿ ಮುಚ್ಚುತ್ತ ಹೋದರೆ ಸೋರುವ ಜಾಗ ಸಿಕ್ಕಿಬಿಡುತ್ತದೆ. ನನ್ನ ಕಾರಿನ ಎರಡು ಕಣ್ಣುಗಳು ಈಗ ಹೆಚ್ಚುಕಡಿಮೆ ಒಟ್ಟಿಗೆ ಏಳುತ್ತವೆ. ವಿದ್ಯುತ್ ಮೋಟಾರ್ ಹಾಕಿಸಿಕೊಂಡವರು ಇದನ್ನು ನಂಬುವುದಿಲ್ಲ.

ಬ್ರೇಕ್ ಮುಗಿದ ಬೇಸಿಗೆಯಲ್ಲಿ ಕೆಂಟಕಿಯ ಬೌಲಿಂಗ್ ಗ್ರೀನ್‌ಗೆ, ಒಂದು ದಿಕ್ಕಿಗೆ ಸುಮಾರು 450 ಮೈಲಿ, ಇದೇ ಕಾರಿನಲ್ಲಿ ಹೋಗಿಬಂದೆ. ಸೇಂಟ್ ಲೂಯಿಸ್‌ನ ಕಾರ್ಖಾನೆಯಿಂದ ತಯಾರಿಕೆ ಸ್ಥಳಾಂತರಗೊಂಡು 1981ರಿಂದ ಕಾರ್ವೆಟ್ ತಯಾರಾಗುವುದು ಅಲ್ಲಿಯೇ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ 2014ರ ಫೆಬ್ರುವರಿಯಲ್ಲಿ ನೆಲ ಕುಸಿದು 8 ಕಾರುಗಳು ಕೆಳಗೆ ಬಿದ್ದವು. ಮಾರಾಟಕ್ಕೆ ಬಾರದೇ ಹೋದ 1983ರ ಮಾದರಿಯಲ್ಲಿ ಉಳಿದಿರುವ ಒಂದೇ ಕಾರು ಸಹ ಅಲ್ಲಿಯೇ ಇದೆ. ಎಂಜಿನ್ ನಡುವೆ ಬಂದ 2020ರ ಮಾದರಿಯ ಸುತ್ತ ಜನ ನೆರೆಯುತ್ತಾರೆ, ಅದರ ವೇಗದ ಮುಂದೆ ನನ್ನದು ನಿಲ್ಲುವುದಿಲ್ಲ. ಆದರೂ ನಿಲ್ಲಿಸಿದಲ್ಲೆಲ್ಲ ಜನ ಮಾತನಾಡಿಸಿದ್ದು ನನ್ನ ಕಾರನ್ನೇ, ಏಕೆಂದರೆ ಅವರಲ್ಲಿ ಹಲವರ ತಂದೆಯೋ ಚಿಕ್ಕಪ್ಪನೋ ಇಂಥದ್ದರ ಕೆಳಗೆ ಮಲಗಿ ಕೆಲಸ ಮಾಡಿದ್ದರು. ಒಂದೇ ಬಗೆಯ ಬ್ರೇಕ್ 1982ರವರೆಗೆ ಉಳಿದದ್ದರಿಂದ ಬಿಡಿಭಾಗ ಇಂದಿಗೂ ಸಿಗುತ್ತದೆ, ಡಯಲ್ ಗೇಜ್ ಹಿಡಿಯಬಲ್ಲವನು ಮನೆಯಲ್ಲೇ ಸರಿಮಾಡಬಹುದು. ಇದರ ಆಕರ್ಷಣೆಯಲ್ಲಿ ಅರ್ಧಭಾಗ ಅದೇ ಎಂದು ನನ್ನ ಲೆಕ್ಕ.

ಪೆಡಲ್ ಈಗ ಮೂರನೆಯ ಬೇಸಿಗೆಯಲ್ಲೂ ಗಟ್ಟಿಯಾಗಿದೆ. ಓ-ರಿಂಗ್ ಹಾಕೆಂದು ಪಟ್ಟುಹಿಡಿದಿದ್ದ ಹಿರಿಯರು ಕಳೆದ ವರ್ಷ ತಮ್ಮ 1972ರ ಕಾರನ್ನು ನನ್ನ ಗ್ಯಾರೇಜಿಗೆ ತಂದರು. ಹಿಂದಿನ ಬಲ ರೋಟರ್ 11 ಥೌ ತೋರಿಸಿತು. ಅವರಿಂದ ಕೂಲಿ ತೆಗೆದುಕೊಳ್ಳಲಿಲ್ಲ, ಶಿಮ್‌ನ ಹಣವನ್ನು ಮಾತ್ರ ವಸೂಲು ಮಾಡಿದೆ.