ಪುಸ್ತಕ ಬಿಡಿ, ಪುಟ ಎಣಿಸಿ

ಈ ವರ್ಷ 50 ಪುಸ್ತಕ ಓದ್ತೀನಿ ಅಂತ ಹೊರಟಿರೋರಿಗೆ ಒಂದು ಮಾತು. ಹೋದ ವರ್ಷ ನಾನೂ ಹಾಗೇ ಹೇಳ್ಕೊಂಡು, ಲೆಕ್ಕ ತುಂಬಿಸೋಕೆ ತೆಳ್ಳಗಿನ ಪುಸ್ತಕಗಳನ್ನೇ ಹುಡುಕ್ತಾ ಕೂತೆ. ‘ಮಲೆಗಳಲ್ಲಿ ಮದುಮಗಳು’ ಕಪಾಟಿನಲ್ಲೇ ಧೂಳು ಹಿಡೀತು. ಅದರ ದಪ್ಪ ನೋಡಿದ್ರೆ ಲೆಕ್ಕದೋರಿಗೆ ಎಲ್ಲಿ ಧೈರ್ಯ ಬರುತ್ತೆ!

ಈಗ ದಿನಕ್ಕೆ 15 ಪುಟ, ಅಷ್ಟೇ. 300 ಪುಟದ್ದು 20 ದಿನಕ್ಕೆ ಮುಗಿಯುತ್ತೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ಸೀಟು ಸಿಕ್ಕಿದ್ರೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟೋ ಹೊತ್ತಿಗೆ ಹತ್ತು ಪುಟ ಆಗಿರುತ್ತೆ. ನಿಂತ್ಕೊಂಡು ಹೋದ ದಿನ, ರಾತ್ರಿ ಊಟ ಆದ್ಮೇಲೆ. ಪುಟದ ಗುರುತಿಗೆ ಒಂದು ರಟ್ಟಿನ ಚೂರು, ಅದರ ಮೇಲೇ ಪೆನ್ಸಿಲಲ್ಲಿ ತಾರೀಖು, ಪುಟ. ಭಾನುವಾರ ಅದರ ಫೋಟೋ ಇಲ್ಲಿ ಹಾಕಿ. ಸೊನ್ನೆ ಇದ್ರೂ ಹಾಕಿ, ನಂದೂ ಇರುತ್ತೆ.