ಕೇರ್ ಹೋಮಲ್ಲಿ ಸೋಂಕು ಹರಡಿದಾಗ ಸೀಕ್ವೆನ್ಸಿಂಗ್ ಮಾಡಿ ಜಾಡು ಹಿಡಿಯೋದು ಹೇಗೆ (ಮೆಷಿನ್‌ಗಿಂತ ಮುಂಚೆ ಡ್ಯೂಟಿ ರೋಟಾ)

ನಾನಿರೋದು ಇಂಗ್ಲೆಂಡಲ್ಲಿ, ಕೇರ್ ಹೋಮ್‌ಗಳಲ್ಲಿ (ನಮ್ಮ ವೃದ್ಧಾಶ್ರಮದ ಥರದ ಜಾಗ) ಸೋಂಕು ಹರಡಿದಾಗ ಅದರ ಡೇಟಾ ನೋಡೋದು ನನ್ನ ಕೆಲಸ. 2022ರ ಫೆಬ್ರವರಿಯಲ್ಲಿ ಕೇರ್ ವರ್ಕರ್‌ಗಳಿಗೂ ಹೆಲ್ತ್ ಅಂಡ್ ಕೇರ್ ವೀಸಾ ಸಿಗೋ ಹಾಗಾದ್ಮೇಲೆ ನಮ್ಮ ಕಡೆಯವ್ರೂ ಇಲ್ಲಿ ಕೇರರ್ ಆಗಿ ಸೇರ್ಕೊಂಡಿದಾರೆ, ಅವ್ರಲ್ಲಿ ಹಾಸನದ ಕಡೆ ಹುಡುಗಿ ಒಬ್ಳು ಫೋನ್ ಮಾಡಿ "ಅಣ್ಣಾ, ನಮ್ ಹೋಮಲ್ಲಿ ಒಂದೇ ವಾರದಲ್ಲಿ ಆರು ಜನಕ್ಕೆ ಕೋವಿಡ್, ಊರಿಂದ ವಾಪಸ್ ಬಂದವ್ಳು ನಾನೇ ಅಂತ ಎಲ್ರೂ ನನ್ನ ಮುಖ ನೋಡ್ತಿದಾರೆ, ಅದೇನೋ ಸೀಕ್ವೆನ್ಸಿಂಗ್ ಮಾಡ್ಸಿದ್ರೆ ಗೊತ್ತಾಗತ್ತಂತಲ್ಲ" ಅಂದ್ಳು. ಅವ್ಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಸೀಕ್ವೆನ್ಸಿಂಗ್ ಅಂದ್ರೆ ವೈರಸ್ಸಿನ ಜೀನೋಮನ್ನ, ಅಂದ್ರೆ ಅದರ ಪೂರ್ತಿ ಆನುವಂಶಿಕ ಬರಹಾನ, ಅಕ್ಷರ ಅಕ್ಷರವಾಗಿ ಓದೋದು. ಇದು ಕೆಲಸ ಮಾಡೋ ರೀತಿ ಮೊದ್ಲು ಅರ್ಥ ಆಗ್ಬೇಕು. ಹಳೇ ಓಲೆಗರಿ ಕಾವ್ಯಗಳನ್ನ ಸಂಪಾದನೆ ಮಾಡೋರು ಏನ್ಮಾಡ್ತಾರೆ, ಒಂದೇ ಕಾವ್ಯದ ನಾಲ್ಕಾರು ಪ್ರತಿ ಮುಂದಿಟ್ಕೊಂಡು ಲಿಪಿಕಾರ ಎಲ್ಲೆಲ್ಲಿ ತಪ್ಪು ಬರ್ದಿದಾನೆ ಅಂತ ಹುಡುಕ್ತಾರೆ, ಎರಡು ಪ್ರತೀಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ರೆ ಎರಡೂ ಒಂದೇ ಮೂಲದಿಂದ ಇಳಿದಿದ್ದು ಅಂತ ಲೆಕ್ಕ. ವೈರಸ್ಸೂ ಹಾಗೇ. ಕೋವಿಡ್ ವೈರಸ್ಸಿನ ಜೀನೋಮ್, ವುಹಾನ್‌ನ ರೆಫರೆನ್ಸ್ ಪ್ರತಿ ಪ್ರಕಾರ, 29,903 ಅಕ್ಷರ, ನಕಲಾಗ್ತಾ ಆಗ್ತಾ ತಿಂಗಳಿಗೆ ಹೆಚ್ಚುಕಮ್ಮಿ ಎರಡು ಅಕ್ಷರ ಬದಲಾಗತ್ತೆ. ಒಬ್ರಿಂದ ಇನ್ನೊಬ್ರಿಗೆ ದಾಟೋಕೆ ಐದು ದಿನ ಅಂದ್ಕೊಂಡ್ರೂ ತಿಂಗಳಲ್ಲಿ ಆರು ಕೈ ದಾಟಿರತ್ತೆ, ತಪ್ಪು ಮಾತ್ರ ಎರಡೇ. ಹಾಗಾಗಿ ಅಜ್ಜಿಯಿಂದ ಕೇರರ್‌ಗೆ ಬಂತೋ ಕೇರರ್‌ನಿಂದ ಅಜ್ಜಿಗೆ ಹೋಯ್ತೋ, ಇಬ್ರ ಸೀಕ್ವೆನ್ಸೂ ಹೆಚ್ಚಾಗಿ ಒಂದೇ ಥರ ಇರತ್ತೆ, ಯಾರಿಂದ ಯಾರಿಗೆ ಅನ್ನೋದನ್ನ ಅದು ಹೇಳಲ್ಲ. ಆದ್ರೆ ಒಂದೇ ವಾರದ ಎರಡು ಸ್ಯಾಂಪಲ್ ಮಧ್ಯ ಎಂಟು ಹತ್ತು ಅಕ್ಷರ ವ್ಯತ್ಯಾಸ ಇದ್ರೆ ಇವ್ರಿಂದ ಅವ್ರಿಗೆ ನೇರವಾಗಿ ಬಂದಿಲ್ಲ ಅಂತ ಧೈರ್ಯವಾಗಿ ಹೇಳ್ಬಹುದು. ನನ್ನ ಪ್ರಕಾರ ಈ ತಂತ್ರ ಕಳ್ಳನ್ನ ಹಿಡಿಯೋಕಿಂತ ನಿರಪರಾಧಿನ ಬಿಡಿಸೋಕೆ ಚೆನ್ನಾಗಿದೆ, ಆದ್ರೆ ಮ್ಯಾನೇಜರ್‌ಗಳು ಕೇಳೋದು ಯಾವಾಗ್ಲೂ ಕಳ್ಳನ್ನೇ.

ಈಗ ಕೆಲಸಕ್ಕೆ ಬರೋಣ. ಇಲ್ಲಿ ಒಂದೇ ಹೋಮಲ್ಲಿ 14 ದಿನದೊಳಗೆ ಒಂದಕ್ಕೊಂದು ಸಂಬಂಧ ಇರೋ ಎರಡು ಕೇಸ್ ಬಂದ್ರೆ ಔಟ್‌ಬ್ರೇಕ್ ಅಂತ ಲೆಕ್ಕ, ಏರಿಯಾದ ಹೆಲ್ತ್ ಪ್ರೊಟೆಕ್ಷನ್ ಟೀಮ್‌ಗೆ ಫೋನ್ ಹೋಗ್ಬೇಕು. ಅವತ್ತೇ ಕೂತು ಒಂದು ಶೀಟ್ ಮಾಡಿ. ಯಾರು, ಯಾವ ರೂಮ್, ಯಾವ ಫ್ಲೋರ್, ಲಕ್ಷಣ ಶುರುವಾದ ದಿನ, ಸ್ವಾಬ್ ತೆಗೆದ ದಿನ, ಹಿಂದಿನ ಎರಡು ವಾರದಲ್ಲಿ ಆಸ್ಪತ್ರೆಗೆ ಹೋಗಿ ಬಂದಿದಾರಾ. ಸ್ಟಾಫ್‌ಗೆ ಇನ್ನೂ ಎರಡು ಕಾಲಂ, ಯಾವ ಶಿಫ್ಟಲ್ಲಿ ಯಾವ ಯಾವ ರೂಮ್ ನೋಡ್ಕೊಂಡ್ರು, ಬೇರೆ ಹೋಮಲ್ಲೂ ಕೆಲಸ ಮಾಡ್ತಾರಾ. ಏಜೆನ್ಸಿ ಸ್ಟಾಫ್ ವಾರದಲ್ಲಿ ಮೂರು ಕಡೆ ಹೋಗ್ತಾರೆ, ಅವ್ರ ಹೆಸರು ಹೋಮಿನ ಸ್ವಂತ ರೋಟಾದಲ್ಲಿ (ಯಾರಿಗೆ ಯಾವಾಗ ಡ್ಯೂಟಿ ಅನ್ನೋ ಪಟ್ಟಿ) ಇರೋದೇ ಇಲ್ಲ, ಏಜೆನ್ಸಿ ಟೈಮ್‌ಶೀಟ್ ಬೇರೆ ತರಿಸ್ಬೇಕು. ಅಡುಗೆಯವ್ರು, ಕ್ಲೀನಿಂಗ್‌ನವ್ರು, ಕೂದಲು ಕತ್ತರಿಸೋಕೆ ಬರೋರು, ಇವ್ರನ್ನ ಎಲ್ರೂ ಮರೀತಾರೆ. ಈ ಶೀಟ್ ಇಲ್ದೆ ಎಷ್ಟು ದುಬಾರಿ ಸೀಕ್ವೆನ್ಸ್ ಮಾಡ್ಸಿದ್ರೂ ಕೊನೇಗೆ ಸಿಗೋದು ಒಂದು ಚಂದದ ಮರದ ಚಿತ್ರ (ಯಾವ ಸ್ಯಾಂಪಲ್ ಯಾವುದಕ್ಕೆ ಹತ್ರ ಅಂತ ವಂಶವೃಕ್ಷದ ಥರ ತೋರ್ಸೋದು) ಅಷ್ಟೇ.

ಆಮೇಲೆ ಸ್ಯಾಂಪಲ್. ಕೆಮ್ಮೋರದ್ದು ಮಾತ್ರ ತೆಗೆದ್ರೆ ಅರ್ಧ ಕಥೆ ಸಿಗತ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ 2020ರ ಮಾರ್ಚಲ್ಲಿ ಒಂದು ನರ್ಸಿಂಗ್ ಹೋಮಲ್ಲಿ (ನಮ್ಮೂರ ನರ್ಸಿಂಗ್ ಹೋಮ್ ಅಲ್ಲ, ವಯಸ್ಸಾದವ್ರನ್ನ ನೋಡ್ಕೊಳ್ಳೋ ಜಾಗ) 76 ಜನಕ್ಕೆ ಟೆಸ್ಟ್ ಮಾಡಿದಾಗ 48 ಪಾಸಿಟಿವ್, ಅದ್ರಲ್ಲಿ 27 ಜನಕ್ಕೆ ಆ ಹೊತ್ತಿಗೆ ಯಾವ ಲಕ್ಷಣಾನೂ ಇರ್ಲಿಲ್ಲ, ಆಮೇಲೆ 24 ಜನಕ್ಕೆ ಶುರುವಾಯ್ತು. ಅಲ್ಲಿ 34 ಸ್ಯಾಂಪಲ್ ಸೀಕ್ವೆನ್ಸ್ ಮಾಡಿದ್ರೆ 27 ಎರಡು ಗುಂಪಿಗೆ ಸೇರಿದ್ವು, ಗುಂಪುಗಳ ಮಧ್ಯ ವ್ಯತ್ಯಾಸ ಒಂದೇ ಒಂದು ಅಕ್ಷರ. ಲಂಡನ್ನಿನ ಆರು ಕೇರ್ ಹೋಮಲ್ಲಿ ಅದೇ ಏಪ್ರಿಲಲ್ಲಿ ನೋಡಿದಾಗ 264 ನಿವಾಸಿಗಳಲ್ಲಿ 105, ಸ್ಟಾಫ್ 254ರಲ್ಲಿ 53 ಪಾಸಿಟಿವ್. ಹಾಗಾಗಿ ಎಲ್ರದ್ದೂ ತೆಗೀರಿ, ಸ್ಟಾಫ್ ಸೇರಿ, ಆದಷ್ಟೂ ಒಂದೇ ದಿನ. ಮರೆವಿನ ಕಾಯಿಲೆ ಇರೋ ಹಿರಿಯರಿಗೆ ಬಲವಂತ ಮಾಡ್ಬೇಡಿ, ಮನೆಯವ್ರ ಹತ್ರ ಮಾತಾಡಿ, ಪರಿಚಯದ ಕೇರರ್ ಕೈಲೇ ತೆಗೆಸಿ.

ತುಂಬಾ ಮುಖ್ಯ, ಮನೇಲಿ ಮಾಡೋ ಥರದ ಲ್ಯಾಟರಲ್ ಫ್ಲೋ ಕಿಟ್ ಮಾತ್ರ ಮಾಡಿ ಕಸಕ್ಕೆ ಹಾಕಿದ್ರೆ ಸೀಕ್ವೆನ್ಸಿಂಗ್‌ಗೆ ಏನೂ ಉಳಿಯಲ್ಲ. ಪಿಸಿಆರ್‌ಗೆ ಹೋಗೋ ಸ್ವಾಬ್ ಬೇಕು, ಪಾಸಿಟಿವ್ ಬಂದದ್ದನ್ನ ಎಸೀಬೇಡಿ ಅಂತ ಲ್ಯಾಬ್‌ಗೆ ಮೊದಲ ದಿನಾನೇ ಫೋನ್ ಮಾಡಿ ಹೇಳ್ಬೇಕು, ಯಾಕಂದ್ರೆ ಫ್ರೀಜರಲ್ಲಿ ಜಾಗ ಇಲ್ಲ ಅಂತ ಕೆಲವೇ ದಿನಕ್ಕೆ ಖಾಲಿ ಮಾಡ್ತಾರೆ. ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ರೆ ಒಳ್ಳೇದು.

ಲ್ಯಾಬ್ ಒಳಗಿನ ಕೆಲಸ ನಿಮ್ಮ ಕೈಲಿಲ್ಲ, ಬೇಗ ಹೇಳಿ ಮುಗಿಸ್ತೀನಿ. ಸಿಟಿ ವ್ಯಾಲ್ಯೂ (ಪಿಸಿಆರ್ ರಿಪೋರ್ಟಲ್ಲಿ ಬರೋ ಅಂಕಿ, ಕಮ್ಮಿ ಇದ್ದಷ್ಟೂ ವೈರಸ್ ಜಾಸ್ತಿ) 30ರ ಕೆಳಗಿರೋ ಸ್ಯಾಂಪಲ್ ಚೆನ್ನಾಗಿ ಬರತ್ತೆ, ಮೇಲೆ ಹೋದಷ್ಟೂ ಓದೋಕಾಗದ ತೂತು ಜಾಸ್ತಿ. ಜೀನೋಮನ್ನ ಒಂದರ ಮೇಲೊಂದು ಸ್ವಲ್ಪ ಹತ್ತೋ ಹಾಗೆ ಸುಮಾರು 400 ಅಕ್ಷರದ ತುಂಡುಗಳಾಗಿ ಬೆಳೆಸ್ತಾರೆ, ಇದಕ್ಕೆ ಆರ್ಟಿಕ್ ಪ್ರೋಟೋಕಾಲ್ ಅಂತಾರೆ, ಆಮೇಲೆ ಇಲ್ಯುಮಿನಾ ಮೆಷಿನ್ನಲ್ಲೋ ಅಂಗೈಯಲ್ಲಿ ಹಿಡಿಸೋ ಮಿನ್‌ಅಯಾನ್‌ನಲ್ಲೋ ಓದ್ತಾರೆ. ನೀವು ಕೇಳ್ಬೇಕಾದ್ದು ಎರಡೇ ಪ್ರಶ್ನೆ. ಪ್ರತಿ ಬ್ಯಾಚಲ್ಲೂ ನೆಗೆಟಿವ್ ಕಂಟ್ರೋಲ್ (ವೈರಸ್ಸೇ ಇಲ್ಲದ ಪರೀಕ್ಷೆ ಟ್ಯೂಬು) ಓಡಿಸಿದ್ರಾ, ಅದು ಖಾಲಿ ಬಂತಾ? ಜೀನೋಮಿನ ಎಷ್ಟು ಭಾಗ ಸರಿಯಾಗಿ ಓದಿದೀರಾ? ಓದೋಕಾಗದ ಜಾಗಕ್ಕೆ 'ಎನ್' ಅಂತ ಹಾಕಿರ್ತಾರೆ, ಅದನ್ನ ವ್ಯತ್ಯಾಸ ಅಂತ ಎಣಿಸ್ಬಾರ್ದು, ಗೆದ್ದಲು ತಿಂದ ಗರಿ ಅದು. 90 ಪರ್ಸೆಂಟ್‌ಗಿಂತ ಕಮ್ಮಿ ಬಂದಿದ್ರೆ ನಾನು ಹೋಲಿಕೆಯಿಂದ ಪಕ್ಕಕ್ಕಿಡ್ತೀನಿ. ಒಂದ್ಸಲ ಎರಡು ಟ್ಯೂಬಿನ ಲೇಬಲ್ ಅದಲು ಬದಲಾಗಿ, ಎರಡನೇ ಮಹಡಿಯಿಂದ ಇಳಿದೇ ಇಲ್ಲದ ಅಜ್ಜನ ವೈರಸ್ಸು ಕೆಳಗಿನ ಮಹಡಿ ಗುಂಪಲ್ಲಿ ಕಾಣಿಸ್ಕೊಂಡು ನಾವು ಎರಡು ದಿನ ಲಿಫ್ಟು, ಊಟದ ಟ್ರಾಲಿ ಎಲ್ಲಾ ಅನುಮಾನಿಸಿದ್ವಿ.

ಫಲಿತಾಂಶ ಓದೋದ್ರಲ್ಲೇ ಎಲ್ರೂ ಎಡವೋದು. ಇಬ್ರಿಗೂ 'ಬಿಎ.2' ಲೈನೇಜ್ (ವೈರಸ್ಸಿನ ವಂಶದ ಒಂದು ಕವಲು, ಇದು ಓಮಿಕ್ರಾನ್‌ದು) ಬಂತು, ಅಲ್ಲಿಗೆ ಒಬ್ರಿಂದ ಒಬ್ರಿಗೆ ಹರಡಿದ್ದು ಖಚಿತ ಅಂತಾರೆ. ತಪ್ಪು. ಊರೆಲ್ಲಾ ಬಿಎ.2 ಇದ್ದಾಗ ಇಬ್ರಿಗೂ ಅದು ಬರೋದ್ರಲ್ಲಿ ಏನ್ ವಿಶೇಷ? ಲೈನೇಜ್ ಬೇರೆ ಬೇರೆ ಇದ್ರೆ ಮಾತ್ರ ಆ ಮಾಹಿತಿಗೆ ಬೆಲೆ, ಎರಡು ಸಲ ಹೊರಗಿಂದ ಒಳಗೆ ಬಂದಿದೆ ಅಂತ ಅರ್ಥ. ಒಂದೇ ಇದ್ರೆ ಅಕ್ಷರ ಅಕ್ಷರ ಹೋಲಿಸ್ಬೇಕು, ಜೊತೆಗೆ ಅದೇ ವಾರ ಅದೇ ಜಿಲ್ಲೆಯ ಬೇರೆ ಜನರ ಸೀಕ್ವೆನ್ಸ್ ಇಟ್ಕೊಂಡು ನೋಡ್ಬೇಕು. ಇದಕ್ಕೆ ನೆಕ್ಸ್ಟ್‌ಕ್ಲೇಡ್ ಅನ್ನೋ ಟೂಲ್ ಇದೆ, ಬ್ರೌಸರಲ್ಲೇ ಓಡತ್ತೆ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗಲ್ಲ, ಕ್ವಾಲಿಟಿ ಕೆಟ್ಟಿದ್ರೆ ಕೆಂಪಗೆ ತೋರ್ಸತ್ತೆ, ಶುರು ಮಾಡೋರಿಗೆ ಅದೇ ಸಾಕು. ದಿನಾಂಕ, ಜಾಗ, ಸೀಕ್ವೆನ್ಸ್ ಮೂರನ್ನೂ ಸೇರಿಸಿ ಇಬ್ರ ಮಧ್ಯ ಹರಡಿರೋ ಸಾಧ್ಯತೆ ಇದ್ಯಾ ಇಲ್ವಾ ಅಂತ ಹೇಳೋ 'ಎಟುಬಿ ಕೋವಿಡ್' ಅನ್ನೋ ಟೂಲನ್ನ ಕೇಂಬ್ರಿಡ್ಜ್‌ನವ್ರು ಆಸ್ಪತ್ರೆ ವಾರ್ಡ್‌ಗಳಿಗೆ ಅಂತ ಮಾಡಿದ್ರು, ಯೋಚನೆ ಹೋಮಿಗೂ ಅದೇ.

ಅದೇ ಪೂರ್ವ ಇಂಗ್ಲೆಂಡಿನಲ್ಲಿ ಮೊದಲನೇ ಅಲೆಯ ಅಧ್ಯಯನದಲ್ಲಿ 292 ಹೋಮ್‌ಗಳ 700 ನಿವಾಸಿಗಳ ಸೀಕ್ವೆನ್ಸ್ ನೋಡಿದ್ರು, ಸಿಕ್ಕಿದ ಕ್ಲಸ್ಟರ್ (ಒಂದೇ ಥರದ ವೈರಸ್ಸಿನ ಗುಂಪು) 409. ಹೋಮಿಗಿಂತ ಕ್ಲಸ್ಟರ್ ಜಾಸ್ತಿ, ಅಂದ್ರೆ ಹೊರಗಿಂದ ಒಳಗೆ ಒಂದಕ್ಕಿಂತ ಹೆಚ್ಚು ಸಲ ಬಂದಿರೋ ಹೋಮ್‌ಗಳಿದ್ವು. ಕೆಲವು ಕಡೆ ಒಂದೇ ವೈರಸ್ಸು ಮನೆಯೆಲ್ಲಾ ಸುತ್ತಿದೆ, ಕೆಲವು ಕಡೆ ಬೇರೆ ಬೇರೆ ಬಂದು ಒಬ್ರಿಬ್ರಿಗೇ ನಿಂತಿದೆ. ಎರಡಕ್ಕೂ ಮದ್ದು ಬೇರೆ. ಒಂದೇ ಗುಂಪಾದ್ರೆ ಒಳಗೆ ನೋಡಿ, ಒಂದೇ ಕೇರರ್ ಎರಡು ಫ್ಲೋರ್ ನೋಡ್ಕೊಳ್ತಿದಾರಾ, ಡೈನಿಂಗ್ ಹಾಲ್‌ನ ಕಿಟಕಿ ತೆಗೀತಾರಾ. ಬೇರೆ ಬೇರೆ ಆದ್ರೆ ಬಾಗಿಲ ಹತ್ರ ನೋಡಿ, ಏಜೆನ್ಸಿ ಸ್ಟಾಫು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬರೋರು. 2020ರ ಮಾರ್ಚ್ ಏಪ್ರಿಲಲ್ಲಿ ಸುಮಾರು 25,000 ಜನರನ್ನ ಆಸ್ಪತ್ರೆಗಳಿಂದ ಹೋಮ್‌ಗಳಿಗೆ ಕಳಿಸಿದ್ರು, ಎಲ್ರಿಗೂ ಟೆಸ್ಟ್ ಆಗಿರ್ಲಿಲ್ಲ, 2022ರ ಏಪ್ರಿಲಲ್ಲಿ ಹೈಕೋರ್ಟ್ ಆ ನೀತಿ ಕಾನೂನುಬಾಹಿರ ಅಂತು.

ಕೋವಿಡ್ ಲೆಕ್ಕಾನ ಬೇರೆ ರೋಗಕ್ಕೆ ಹಾಕ್ಬೇಡಿ. ಟಿಬಿ ಬ್ಯಾಕ್ಟೀರಿಯಾದು 44 ಲಕ್ಷ ಅಕ್ಷರ, ಆದ್ರೂ ವರ್ಷಕ್ಕೆ ಅರ್ಧ ಅಕ್ಷರ ಬದಲಾದ್ರೆ ಹೆಚ್ಚು, ಅಲ್ಲಿ 12ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಇತ್ತೀಚೆಗೆ ಹರಡಿದ್ದಲ್ಲ ಅಂತ ತೀರ್ಮಾನ. ವಾಂತಿ ಭೇದಿ ತರೋ ನೋರೋವೈರಸ್ಸಿಗೆ ಮೂಗಿನ ಸ್ವಾಬ್ ಅಲ್ಲ, ಮಲದ ಸ್ಯಾಂಪಲ್ ಬೇಕು.

ಬೆಂಗಳೂರಲ್ಲೋ ಮೈಸೂರಲ್ಲೋ ವೃದ್ಧಾಶ್ರಮ ನಡೆಸೋರಿದ್ರೆ, ನೀವೇ ಲ್ಯಾಬ್ ಹುಡುಕ್ಕೊಂಡು ಹೋಗ್ಬೇಡಿ, ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ತಿಳ್ಸಿ. 2020ರ ಡಿಸೆಂಬರಲ್ಲಿ ಇನ್ಸಾಕಾಗ್ (ಕೋವಿಡ್ ಸೀಕ್ವೆನ್ಸಿಂಗ್ ಮಾಡೋ ಭಾರತದ ಲ್ಯಾಬ್‌ಗಳ ಒಕ್ಕೂಟ) ಶುರುವಾದಾಗ ಮೊದಲ ಹತ್ತು ಲ್ಯಾಬಲ್ಲಿ ನಿಮ್ಹಾನ್ಸೂ ಇತ್ತು, ಸಾಮರ್ಥ್ಯ ಊರಲ್ಲೇ ಇದೆ. ನೀವು ಆ ಶೀಟ್ ರೆಡಿ ಇಟ್ಕೊಂಡಿದ್ರೆ ಅವ್ರ ಅರ್ಧ ಕೆಲಸ ಮುಗಿದ ಹಾಗೆ. ರಿಪೋರ್ಟಲ್ಲಿ ಹೆಸರು ಬೇಡ, ಕೋಡ್ ಹಾಕಿ, ಮರದ ಚಿತ್ರಾನ ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಅಂತೂ ಹಾಕ್ಲೇಬೇಡಿ.

ಹಾಸನದ ಹುಡುಗಿ ಹೋಮಲ್ಲಿ ಮಾಡಿದ್ದು ಬರೀ ಕಿಟ್ ಟೆಸ್ಟು, ಎಲ್ಲಾ ಕಸದ ಬ್ಯಾಗ್ ಸೇರಿತ್ತು, ಸೀಕ್ವೆನ್ಸ್ ಮಾಡೋಕೆ ಏನೂ ಇರ್ಲಿಲ್ಲ. ಹಾಗಾಗಿ ರೋಟಾನೇ ತೆಗೆಸಿದ್ವಿ. ಮೊದಲನೇ ಅಜ್ಜನಿಗೆ ಕೆಮ್ಮು ಶುರುವಾಗಿದ್ದು ಒಂದು ಮಂಗಳವಾರ, ಇವ್ಳು ಊರಿಂದ ಬಂದು ಡ್ಯೂಟಿಗೆ ಹತ್ತಿದ್ದು ಆಮೇಲಿನ ಶುಕ್ರವಾರ.